ನೆರೆಹೊರೆಯ ಕಟ್ಟು: ನಮ್ಮ ಪಟ್ಟಣಗಳಲ್ಲಿ ಮತದ್ವೇಷವನ್ನು ತಡೆಯುವ ಬಗೆ

ಮೈಸೂರಿನಿಂದ ದಕ್ಷಿಣಕ್ಕೆ ನಂಜನಗೂಡನ್ನು ದಾಟಿ ಬರುವ ಹೆದ್ದಾರಿಯು ಗುಂಡ್ಲುಪೇಟೆಯಲ್ಲಿ ಎರಡಾಗಿ ಕವಲೊಡೆಯುತ್ತದೆ. ಒಂದು ಕವಲು ಬಂಡೀಪುರದ ಅಡವಿಯನ್ನು ಹಾಯ್ದು ಉದಕಮಂಡಲವನ್ನು ಸೇರಿದರೆ, ಇನ್ನೊಂದು ಸುಲ್ತಾನ್ ಬತ್ತೇರಿಯ ಮಾರ್ಗವಾಗಿ ಕಲ್ಲಿಕೋಟೆಯ ಕಡಲ ತೀರಕ್ಕೆ ಇಳಿಯುತ್ತದೆ. ಪೂರ್ವಕ್ಕೆ ಹೊರಳಿದರೆ, ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯ ಜನ್ಮಸ್ಥಳವೆಂಬ ಗೌರವದಿಂದ ಹೆಸರಿಟ್ಟ ಚಾಮರಾಜನಗರ. ಹಿಂದೆ ಅರಿಕುಠಾರವೆನಿಸಿಕೊಂಡಿದ್ದ ಆ ಊರು 1997ರಲ್ಲಿ ಜಿಲ್ಲಾ ಕೇಂದ್ರವಾಯಿತು. ದಾರಿ ಕೂಡುವಲ್ಲಿ ಜನ ಕೂಡುವುದು ಸಹಜ. ವ್ಯಾಪಾರಕ್ಕೆ ಬಂದವರು, ಸೈನ್ಯದೊಡನೆ ಬಂದವರು, ಕುಶಲ ಕಸುಬುಗಳನ್ನು ಹೊತ್ತು ಬಂದವರು, ಗುಡಿಗೆ ಬಂದವರು, ದರ್ಗಾಕ್ಕೆ ಬಂದವರು, ಎಲ್ಲರೂ ಇಂತಹ ಊರುಗಳಲ್ಲಿ ನೆಲೆಯಾಗಿ ನೆರೆಹೊರೆಯವರಾದರು.

ಕರ್ನಾಟಕದಲ್ಲಿ ಜನರು ಇಂದಿಗೂ ನೋವಿನಿಂದ ನೆನೆಯುವ ಮತೀಯ ಗಲಭೆಗಳು ಹಲವು. 1990ರ ರಾಮನಗರ, ಚನ್ನಪಟ್ಟಣ ಮತ್ತು ದಾವಣಗೆರೆ. ದೂರದರ್ಶನದ ಉರ್ದು ವಾರ್ತೆಯ ನೆಪದಲ್ಲಿ ಹೊತ್ತಿಕೊಂಡ 1994ರ ಬೆಂಗಳೂರು. 2009ರ ಜುಲೈಯಲ್ಲಿ ಮೈಸೂರಿನ ಕ್ಯಾತಮಾರನಹಳ್ಳಿ, ಉದಯಗಿರಿಗಳ ಭಾಗ. ಇವೆಲ್ಲವೂ ಪಟ್ಟಣಗಳು ಎಂಬುದನ್ನು ವಾಚಕರು ಗಮನಿಸಬೇಕು. ದೇಶದ ಮಟ್ಟದಲ್ಲಿಯೂ ಚಿತ್ರ ಬೇರೆಯಲ್ಲ. ರಾಜ್ಯಶಾಸ್ತ್ರಜ್ಞ ಅಶುತೋಷ್ ವಾರ್ಷ್ಣೆಯವರು 1950ರಿಂದ 1995ರವರೆಗಿನ ಹಿಂದೂ–ಮುಸ್ಲಿಂ ಗಲಭೆಗಳ ವರದಿಗಳನ್ನು ಒಂದೊಂದಾಗಿ ಎಣಿಸಿ ಲೆಕ್ಕ ಹಾಕಿದಾಗ, ಒಟ್ಟು ಸಾವುಗಳಲ್ಲಿ ಹಳ್ಳಿಗಳ ಪಾಲು ಶೇಕಡಾ 4ಕ್ಕೂ ಕಡಿಮೆಯೆಂದೂ, ಕೇವಲ ಎಂಟು ನಗರಗಳು ಸುಮಾರು ಶೇಕಡಾ 46ರಷ್ಟು ಸಾವುಗಳನ್ನು ಕಂಡಿವೆಯೆಂದೂ ತಿಳಿದುಬಂದಿತು. ಅಂದಮೇಲೆ ದ್ವೇಷದ ಪ್ರಶ್ನೆ ಮುಖ್ಯವಾಗಿ ಪಟ್ಟಣದ ಪ್ರಶ್ನೆ. ಅದರಲ್ಲಿಯೂ ಕೆಲವೇ ಪಟ್ಟಣಗಳ ಪ್ರಶ್ನೆ. ಉಳಿದ ಪಟ್ಟಣಗಳು ಹೇಗೆ ಪಾರಾಗುತ್ತವೆ ಎಂಬುದೇ ವಿಚಾರಣೆಗೆ ಅರ್ಹವಾದ ಸಂಗತಿ.

ಇದಕ್ಕೆ ಉತ್ತರ ಹುಡುಕಲು ಅವರು ಆರಿಸಿಕೊಂಡ ನಗರಗಳಲ್ಲಿ ಒಂದು, ಗುಂಡ್ಲುಪೇಟೆಯ ದಾರಿಯ ಕೊನೆಯಲ್ಲಿರುವ ಕಲ್ಲಿಕೋಟೆ. ಅದನ್ನು ಉತ್ತರ ಪ್ರದೇಶದ ಅಲೀಗಢದೊಡನೆ ಹೋಲಿಸಿದರು. ಎರಡೂ ಊರುಗಳಲ್ಲಿ ಮುಸಲ್ಮಾನರ ಪ್ರಮಾಣ ಹೆಚ್ಚುಕಡಿಮೆ ಒಂದೇ. ಆದರೆ ಅಲೀಗಢ ಮತ್ತೆ ಮತ್ತೆ ಹೊತ್ತಿ ಉರಿದ ಊರು. ಕಲ್ಲಿಕೋಟೆ ಗಲಭೆ ಕಾಣದ ಊರು. ಕಲ್ಲಿಕೋಟೆಯಲ್ಲಿ ಶೇಕಡಾ 83ರಷ್ಟು ಜನ, ಉಭಯ ಮತದವರೂ ಆಗಾಗ ಒಟ್ಟಿಗೆ ಕುಳಿತು ಉಣ್ಣುವರೆಂದು ಹೇಳಿದರು. ಅಲೀಗಢದಲ್ಲಿ ಹಾಗೆ ಹೇಳಿದವರು ಶೇಕಡಾ 54. ತಮ್ಮ ಮಕ್ಕಳು ಪರಸ್ಪರ ಆಡಿಕೊಳ್ಳುವರೆಂದವರು ಕಲ್ಲಿಕೋಟೆಯಲ್ಲಿ ಶೇಕಡಾ 90, ಅಲೀಗಢದಲ್ಲಿ ಶೇಕಡಾ 42. ಆದರೆ ಅವರ ತೀರ್ಮಾನ ಇಷ್ಟಕ್ಕೇ ನಿಲ್ಲುವುದಿಲ್ಲ. ಹಬ್ಬದ ದಿನ ಊಟ ಹಂಚಿಕೊಳ್ಳುವ ನೆರೆಹೊರೆತನ ಹಳ್ಳಿಗೆ ಸಾಕಾಗುತ್ತದೆ, ಪಟ್ಟಣಕ್ಕೆ ಸಾಕಾಗುವುದಿಲ್ಲ ಎಂಬುದು ಅವರ ಮುಖ್ಯವಾದ ಮಾತು. ಪಟ್ಟಣದಲ್ಲಿ ಎಲ್ಲರಿಗೆ ಎಲ್ಲರ ಮುಖಪರಿಚಯವಿರುವುದಿಲ್ಲ. ಅಲ್ಲಿ ಉಭಯ ಮತದವರೂ ಸದಸ್ಯರಾಗಿರುವ ವರ್ತಕರ ಸಂಘ, ಕೂಲಿಕಾರರ ಸಂಘ, ಓದುಗರ ಕೂಟ, ಕ್ರೀಡಾಸಂಘ ಇಂತಹವುಗಳು ಬೇಕು. ಗಾಳಿಸುದ್ದಿ ಎದ್ದ ರಾತ್ರಿ, ನಿಜವೋ ಸುಳ್ಳೋ ಎಂದು ಎದುರು ಮತದ ಒಬ್ಬನನ್ನು ಕೇಳಲು ಅವನ ಪರಿಚಯವಿರಬೇಕಷ್ಟೆ. ಆ ಪರಿಚಯವನ್ನು ಕೊಡುವುದು ಸಂಘ.

ಈ ದೃಷ್ಟಿಯಿಂದ ನೋಡಿದರೆ ನಮ್ಮ ಸೀಮೆಯ ಕಟ್ಟು ಸ್ವಲ್ಪ ಗಟ್ಟಿಯಾದದ್ದೇ. ಅದನ್ನು ಕಟ್ಟಿದವರು ಉಪದೇಶಕರಲ್ಲ, ಕಸುಬುದಾರರು.

ರೇಷ್ಮೆಯನ್ನೇ ತೆಗೆದುಕೊಳ್ಳಬಹುದು. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಟಿಪ್ಪು ಸುಲ್ತಾನನು ಬಂಗಾಳದಿಂದ ರೇಷ್ಮೆ ಹುಳು ತರಿಸಿ ಮೈಸೂರು ಸೀಮೆಯಲ್ಲಿ ಈ ಕೃಷಿಗೆ ಬೀಜ ಹಾಕಿದನು. ಚಾಮರಾಜನಗರ ಮತ್ತು ಕೊಳ್ಳೇಗಾಲದ ಕಡೆ ಮಳೆಯಾಶ್ರಿತ ಹಿಪ್ಪುನೇರಳೆ ಒಂದು ಕಾಲಕ್ಕೆ ಹೊಲಹೊಲಗಳಲ್ಲಿ ಹಬ್ಬಿತ್ತು. ಸೊಪ್ಪು ಬೆಳೆದು, ಹುಳು ಸಾಕಿ, ಚಂದ್ರಂಕಿಯ ಮೇಲೆ ಗೂಡು ಕಟ್ಟಿಸುವವರು ಲಿಂಗಾಯತ, ಒಕ್ಕಲಿಗ, ಉಪ್ಪಾರ, ದಲಿತ ಮೊದಲಾದ ರೈತ ಕುಟುಂಬದವರು. ಆ ಗೂಡನ್ನು ಹರಾಜಿನಲ್ಲಿ ಕೊಂಡು, ಬಿಸಿನೀರಿನಲ್ಲಿ ಬೇಯಿಸಿ ನೂಲು ಬಿಚ್ಚುವವರಲ್ಲಿ ಬಹುಪಾಲು ಮುಸಲ್ಮಾನರು. ರಾಮನಗರದಂತಹ ಊರುಗಳಲ್ಲಿ ಈ ಕಸುಬೇ ಸಾವಿರಾರು ಮುಸಲ್ಮಾನ ಮನೆಗಳ ಅನ್ನ. ಮುಂದೆ ಹುರಿ ಹಾಕುವವರು, ನೇಯುವವರು ದೇವಾಂಗ, ಪದ್ಮಶಾಲಿ ಮುಂತಾದವರು. ಮದುವೆಯ ಹಸೆಯ ಮೇಲೆ ವಧು ಉಡುವ ಸೀರೆಯು ಎಷ್ಟು ಮನೆಗಳ ಕೈ ದಾಟಿ ಬಂದಿತೆಂಬುದನ್ನು ಯಾರೂ ಕೇಳುವುದಿಲ್ಲ. ಸರಪಣಿಯ ಒಂದು ಕೊಂಡಿ ಕಳಚಿದರೆ ಉಳಿದ ಕೊಂಡಿಗಳಿಗೂ ಕೆಲಸವಿಲ್ಲ. ಗಲಭೆಯ ದಿನ ರಾಮನಗರದ ಗೂಡಿನ ಮಾರುಕಟ್ಟೆ ಮುಚ್ಚಿದರೆ ಸಂತೇಮರಹಳ್ಳಿಯ ರೈತನ ಗೂಡಿನಿಂದ ಚಿಟ್ಟೆ ಹೊರಬಂದು ಬೆಳೆಯೆಲ್ಲ ಹಾಳು. ಗೂಡು ಕಾಯುವುದಿಲ್ಲ. ಗೂಡಿನ ಹರಾಜಿನಲ್ಲಿ ಇನ್ನೊಂದು ಗುಣವೂ ಇದೆ. ಬಹಿರಂಗ ಹರಾಜಿನಲ್ಲಿ ಮಾರುವವನು ಕೊಳ್ಳುವವನ ಜಾತಿಮತಗಳನ್ನು ನೋಡಿ ಕೊಡುವ ಹಾಗಿಲ್ಲ. ಬೆಲೆಯೇ ಅಲ್ಲಿ ಮತ.

1990ರ ದಶಕದಿಂದೀಚೆಗೆ ಈ ಭಾಗದಲ್ಲಿ ಹಿಪ್ಪುನೇರಳೆಯ ವಿಸ್ತೀರ್ಣ ಬಹಳ ತಗ್ಗಿತು. ಅದರೊಂದಿಗೆ ಒಂದು ನಂಟೂ ತೆಳುವಾಯಿತೆನ್ನಬೇಕು. ಆದರೆ ಗುಂಡ್ಲುಪೇಟೆಯ ಕಡೆ ಬೇರೆ ನಂಟುಗಳು ಬೆಳೆದಿವೆ. ತೆರಕಣಾಂಬಿಯ ತರಕಾರಿ, ಓಣಂ ಹಬ್ಬಕ್ಕೆಂದು ಬೆಳೆಯುವ ಚೆಂಡು ಹೂವು ಲಾರಿಗಳಲ್ಲಿ ಕೇರಳಕ್ಕೆ ಹೋಗುತ್ತವೆ. ಕೇರಳದ ಬೆಳೆಗಾರರು ಇತ್ತ ಬಂದು ಜಮೀನನ್ನು ಗುತ್ತಿಗೆಗೆ ಹಿಡಿದು ಶುಂಠಿ ಬೆಳೆಯುತ್ತಾರೆ. ಆ ವರ್ತಕರಲ್ಲಿ, ಚಾಲಕರಲ್ಲಿ, ಗುತ್ತಿಗೆದಾರರಲ್ಲಿ ಎಲ್ಲ ಮತದವರೂ ಇದ್ದಾರೆ. ಗುತ್ತಿಗೆಯ ಹಣ ಕೈಗೆ ಬರುವಾಗ ಮತ ಕೇಳದವರು ಸಂಜೆಯ ಹರಟೆಯಲ್ಲಿ ಮತ ಕೇಳುವುದೂ ಉಂಟು. ವ್ಯಾಪಾರದ ಗೆಳೆತನಕ್ಕೆ ಇರುವ ಮಿತಿಯೂ ಅದೇ.

ಆ ಮಿತಿ ಎಲ್ಲರ ಕಣ್ಣಿಗೂ ಬಿದ್ದುದು 2022ರಲ್ಲಿ. 2021ರ ಕೊನೆಯಲ್ಲಿ ಉಡುಪಿಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಆರಂಭವಾದ ಶಿರವಸ್ತ್ರದ ವಿವಾದವು ಮರುವರ್ಷದ ಫೆಬ್ರವರಿಯ ಹೊತ್ತಿಗೆ ರಾಜ್ಯದ ಶಾಲಾಕಾಲೇಜುಗಳನ್ನೇ ಕೆಲದಿನ ಮುಚ್ಚಿಸಿತು. ಮಾರ್ಚ್ 15ರಂದು ಉಚ್ಚ ನ್ಯಾಯಾಲಯದ ತೀರ್ಪು ಬಂದಿತು. ಅದಾದ ಕೆಲವೇ ದಿನಗಳಲ್ಲಿ ಕರಾವಳಿಯ ಕಾಪು, ಬಪ್ಪನಾಡು, ಮಲೆನಾಡಿನ ಶಿವಮೊಗ್ಗ ಮುಂತಾದ ಕಡೆಗಳ ಜಾತ್ರೆಗಳಲ್ಲಿ ಮುಸಲ್ಮಾನ ವ್ಯಾಪಾರಿಗಳು ಅಂಗಡಿ ಹಾಕಬಾರದೆಂಬ ಫಲಕಗಳೂ ಒತ್ತಾಯಗಳೂ ಕಾಣಿಸಿಕೊಂಡವು. ಬಳೆ, ಆಟಿಕೆ, ಬತ್ತಾಸು, ಹಣ್ಣು ಮಾರುತ್ತ ಜಾತ್ರೆಯಿಂದ ಜಾತ್ರೆಗೆ ಅಲೆಯುವ ಬಡವರೇ ಇದರ ಗುರಿ.

ಈ ನಿಷೇಧಕ್ಕೆ ಆಧಾರವೆಂದು ತೋರಿಸಲಾದ ಕಾನೂನನ್ನು ಸರಿಯಾಗಿ ತಿಳಿದುಕೊಳ್ಳುವುದು ಅವಶ್ಯಕ. ಕರ್ನಾಟಕ ಹಿಂದೂ ಧಾರ್ಮಿಕ ಸಂಸ್ಥೆಗಳ ಮತ್ತು ಧರ್ಮಾದಾಯ ದತ್ತಿಗಳ ಅಧಿನಿಯಮವು 1997ರದು. ಅದರ ನಿಯಮಗಳು 2002ರಲ್ಲಿ ಬಂದವು. ಆ ನಿಯಮಗಳ ಪೈಕಿ 31ನೆಯದರ 12ನೆಯ ಉಪನಿಯಮವು, ಸಂಸ್ಥೆಯ ಸಮೀಪದಲ್ಲಿರುವ ಜಮೀನು, ಕಟ್ಟಡ, ನಿವೇಶನ ಮೊದಲಾದ ಆಸ್ತಿಯನ್ನು ಹಿಂದೂಗಳಲ್ಲದವರಿಗೆ ಗುತ್ತಿಗೆಗೆ ಕೊಡತಕ್ಕದ್ದಲ್ಲವೆಂದು ಹೇಳುತ್ತದೆ. 2022ರ ಮಾರ್ಚಿಯಲ್ಲಿ ವಿಧಾನಸಭೆಯಲ್ಲಿ ಸರ್ಕಾರವು ಈ ನಿಯಮವನ್ನೇ ಉಲ್ಲೇಖಿಸಿತು. ನಿಯಮದ ವಿಷಯ ಸ್ಥಿರಾಸ್ತಿಯ ಗುತ್ತಿಗೆ. ಜಾತ್ರೆಯ ಮೂರು ದಿನ ರಸ್ತೆಯ ಬದಿಯಲ್ಲಿ ಬುಟ್ಟಿ ಇಟ್ಟುಕೊಂಡು ಕೂರುವವನಿಗೆ ಅದು ಹೇಗೆ ಅನ್ವಯವಾದೀತೆಂದು ಹಲವು ನ್ಯಾಯವಾದಿಗಳು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಗ್ರಾಮದೇವತೆಯ ಹಬ್ಬಗಳ ಸಮಿತಿಗಳಲ್ಲಿ ಕುಳಿತುಕೊಳ್ಳುವ ಹಿರಿಯರು, ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಅಂತಹವರು ಅನೇಕರಿರುವರು, ಈ ಭೇದವನ್ನು ಮನಸ್ಸಿನಲ್ಲಿಡುವುದು ಒಳ್ಳೆಯದು. ಫಲಕ ಹಾಕಿಸಲು ಬರುವ ಗುಂಪು ನಿಯಮದ ಸಂಖ್ಯೆಯನ್ನು ಹೇಳುತ್ತದೆ, ನಿಯಮವನ್ನು ಓದಿ ತೋರಿಸುವುದಿಲ್ಲ.

ಅದೇ ಯುಗಾದಿಯ ಹೊತ್ತಿಗೆ ಹಲಾಲ್ ಮಾಂಸವನ್ನು ಕೊಳ್ಳಬಾರದೆಂಬ ಪ್ರಚಾರವೂ ಎದ್ದಿತು. ಹಳೆಯ ಮೈಸೂರು ಸೀಮೆಯಲ್ಲಿ ಯುಗಾದಿಯ ಮರುದಿನ ಹೊಸತೊಡಕು. ಮಾಂಸಾಹಾರಿಗಳ ಮನೆಗಳಲ್ಲಿ ಅಂದು ಮಾಂಸದ ಅಡುಗೆಯಾಗಲೇಬೇಕು. ವರ್ಷಕ್ಕೊಮ್ಮೆ ಬರುವ ಈ ದಿನದ ವ್ಯಾಪಾರವನ್ನು ನೆಚ್ಚಿಕೊಂಡ ಅಂಗಡಿಗಳ ಮೇಲೆ ಕಣ್ಣಿಟ್ಟ ಪ್ರಚಾರವದು. ಆಗ ಮೈಸೂರಿನಲ್ಲಿ ಸಾಹಿತಿ ದೇವನೂರ ಮಹಾದೇವ ಅವರು ಗೆಳೆಯರೊಡನೆ ಮುಸಲ್ಮಾನರೊಬ್ಬರ ಅಂಗಡಿಗೆ ಹೋಗಿ ಮಾಂಸವನ್ನು ಕೊಂಡು ತಂದರು. ಭಾಷಣವಿಲ್ಲ, ಮೆರವಣಿಗೆಯಿಲ್ಲ. ಸಸ್ಯಾಹಾರಿಗಳಾದ ವಾಚಕರಿಗೆ ಈ ಉದಾಹರಣೆ ರುಚಿಸದಿರಬಹುದು. ಆದರೆ ಬಹಿಷ್ಕಾರಕ್ಕೆ ಉತ್ತರ ಬಹಿಷ್ಕಾರವಲ್ಲ, ಎಂದಿನಂತೆ ಅಂಗಡಿಗೆ ಹೋಗುವುದೇ ಎಂಬ ಅದರ ಅರ್ಥ ಎಲ್ಲರಿಗೂ ಸಲ್ಲುತ್ತದೆ.

ಬೆಂಗಳೂರಿನ ಕರಗದ ಪ್ರಸಂಗ ಇನ್ನೂ ಹೆಚ್ಚಿನ ತೂಕದ್ದು. ತಿಗಳರ ಪೇಟೆಯ ಧರ್ಮರಾಯಸ್ವಾಮಿ ದೇವಾಲಯದಿಂದ ಹೊರಡುವ ಕರಗವು ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಭೇಟಿ ಕೊಡುವುದು ತಲೆಮಾರುಗಳ ರೂಢಿ. 2022ರ ಏಪ್ರಿಲ್‌ನಲ್ಲಿ ಆ ಭೇಟಿಯನ್ನು ನಿಲ್ಲಿಸಬೇಕೆಂದು ಕೆಲವರು ಒತ್ತಾಯ ತಂದರು. ದರ್ಗಾದ ಹಿರಿಯರು ದೇವಾಲಯಕ್ಕೆ ತಾವಾಗಿ ಬಂದು ಕರಗವನ್ನು ಆಹ್ವಾನಿಸಿದರು. ದೇವಾಲಯದ ಸಮಿತಿಯವರು ಸಂಪ್ರದಾಯವನ್ನು ಮುರಿಯುವುದಿಲ್ಲವೆಂದು ಖಂಡಿತವಾಗಿ ಹೇಳಿದರು. ಕರಗ ದರ್ಗಾಕ್ಕೆ ಹೋಯಿತು. ಅದೇ ತಿಂಗಳು ಬೇಲೂರಿನ ಚೆನ್ನಕೇಶವನ ರಥೋತ್ಸವದಲ್ಲಿ, ರಥ ಹೊರಡುವ ಮುನ್ನ ಖಾಜಿಯವರು ಕುರಾನಿನ ಭಾಗವನ್ನು ಪಠಿಸುವ ರೂಢಿಯೂ ವಿರೋಧದ ನಡುವೆಯೇ ನಡೆಯಿತು. ಈ ಎರಡು ಕಡೆಗಳಲ್ಲಿಯೂ ದ್ವೇಷಕ್ಕೆ ತಡೆಯೊಡ್ಡಿದವರು ಆಯಾ ಕ್ಷೇತ್ರದ ಹಕ್ಕುದಾರರು, ಅರ್ಚಕರು, ಸಮಿತಿಯವರು. ಹೊರಗಿನ ಹತ್ತು ಭಾಷಣಕಾರರು ಮಾಡಲಾಗದ್ದನ್ನು ಗುಡಿಯ ಒಳಗಿನವರ ಒಂದು ಮಾತು ಮಾಡಿತು.

ಹೊರಗಿನ ಪ್ರಯತ್ನಗಳೂ ಇಲ್ಲದಿಲ್ಲ. ಬಾಬಾಬುಡನ್‌ಗಿರಿಯ ವಿವಾದವು ತೀವ್ರವಾದಾಗ ಹುಟ್ಟಿದ ಕೋಮು ಸೌಹಾರ್ದ ವೇದಿಕೆಯಲ್ಲಿ ಗೌರಿ ಲಂಕೇಶ್, ಜಿ. ರಾಜಶೇಖರ್ ಮೊದಲಾದವರು ದುಡಿದರು; 2003ರ ಡಿಸೆಂಬರಿನಲ್ಲಿ ಚಿಕ್ಕಮಗಳೂರಿನ ಸೌಹಾರ್ದ ಕಾರ್ಯಕ್ರಮಕ್ಕೆ ಹೊರಟವರಲ್ಲಿ ಗಿರೀಶ ಕಾರ್ನಾಡರೂ ಇದ್ದರು. ಉಡುಪಿಯ ರಾಜಶೇಖರ್ ಅವರು ಕರಾವಳಿಯ ಮತೀಯ ಘಟನೆಗಳನ್ನು ಊರೂರಿಗೆ ಹೋಗಿ ವಿಚಾರಿಸಿ ಬರೆದಿಡುವ ಕೆಲಸವನ್ನು ವರ್ಷಗಟ್ಟಲೆ ಮಾಡಿದರು. ದ್ವೇಷದ ವಿರುದ್ಧ ಕೆಲಸಗಳಲ್ಲಿ ಇದು ಅತ್ಯಂತ ಬೇಸರದ್ದು, ಅತ್ಯಂತ ಉಪಯುಕ್ತವಾದದ್ದು. 2022ರ ಮೇ 14ರಂದು ಉಡುಪಿಯಲ್ಲಿ ಸಾಮರಸ್ಯ ನಡಿಗೆಯೂ ಸಹಬಾಳ್ವೆ ಸಮಾವೇಶವೂ ನಡೆದವು. ಹಲವು ಪಟ್ಟಣಗಳಲ್ಲಿ ಮುಸಲ್ಮಾನ ಬಾಂಧವರು ಮಸೀದಿ ದರ್ಶನವೆಂಬ ಕಾರ್ಯಕ್ರಮವನ್ನು ಏರ್ಪಡಿಸಿ, ನೆರೆಯವರನ್ನು ಒಳಗೆ ಕರೆದು, ನಮಾಜಿನಲ್ಲಿ ಏನು ಹೇಳುವರೆಂಬುದನ್ನು ಕನ್ನಡದಲ್ಲಿ ತಿಳಿಸಿಕೊಟ್ಟಿದ್ದಾರೆ. ನಲವತ್ತು ವರ್ಷ ಒಂದೇ ಬೀದಿಯಲ್ಲಿದ್ದು ಮಸೀದಿಯ ಒಳಗನ್ನು ಮೊದಲ ಸಲ ಕಂಡವರಿಗೆ, ಅಲ್ಲಿ ಬಚ್ಚಿಡುವಂತಹುದು ಏನೂ ಇಲ್ಲವೆಂಬುದು ಕಣ್ಣಾರೆ ತಿಳಿಯುತ್ತದೆ.

ಧಾರವಾಡದ ನುಗ್ಗೀಕೇರಿ ಹನುಮಂತ ದೇವಾಲಯದ ಬಳಿ 2022ರ ಏಪ್ರಿಲ್ 9ರಂದು ಒಬ್ಬ ಬಡ ವ್ಯಾಪಾರಿಯ ಕಲ್ಲಂಗಡಿ ಹಣ್ಣುಗಳನ್ನು ರಸ್ತೆಗೆ ಎಸೆದು ಒಡೆದ ದೃಶ್ಯವನ್ನು ನಾಡೇ ನೋಡಿತು. ಪೊಲೀಸರು ಆರೋಪಿಗಳನ್ನು ಬಂಧಿಸಿದರು. ಎಲ್ಲ ಮತಗಳ ಜನರೂ ಆ ವ್ಯಾಪಾರಿಗೆ ನೆರವು ಕಳುಹಿಸಿದರು. ಮುಸಲ್ಮಾನರು ನೆಮ್ಮದಿಯಿಂದ, ಗೌರವದಿಂದ ಬಾಳಲು ಬಿಡಬೇಕೆಂದು ಆಗ ಬಹಿರಂಗವಾಗಿ ಹೇಳಿದವರಲ್ಲಿ ಬಿ. ಎಸ್. ಯಡಿಯೂರಪ್ಪನವರೂ ಒಬ್ಬರು. ಮುಖ್ಯಮಂತ್ರಿಯಾಗಿದ್ದಾಗ 2020ರ ಏಪ್ರಿಲ್‌ನಲ್ಲಿ, ಕೊರೋನಾ ಹರಡಿದ ದೋಷವನ್ನು ಇಡೀ ಮುಸಲ್ಮಾನ ಸಮಾಜದ ಮೇಲೆ ಹೊರಿಸುವ ಮಾತುಗಳು ಎಲ್ಲೆಡೆ ಹಬ್ಬಿದ್ದಾಗ, ಅಂತಹ ಮಾತನಾಡಿದವರ ಮೇಲೆ ಕ್ರಮ ಕೈಗೊಳ್ಳುವುದಾಗಿ ಅವರು ಎಚ್ಚರಿಸಿದ್ದರು. ಆಳುವವರ ಬಾಯಿಂದ ಸಕಾಲದಲ್ಲಿ ಬಂದ ಒಂದು ಸ್ಪಷ್ಟವಾದ ಮಾತಿಗೆ ಎಷ್ಟು ಬಲವಿದೆಯೆಂಬುದಕ್ಕೆ ಆ ವಾರ ಸಾಕ್ಷಿ.

ಗಾಳಿಸುದ್ದಿಯ ವಿಚಾರಕ್ಕೆ ಬಂದರೆ, 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ನಡೆದುದನ್ನು ಮರೆಯಲಾಗದು. ಹೈದರಾಬಾದಿನಿಂದ ಬಂದಿದ್ದ ತರುಣರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟರೆಂಬುದೇ ಕಾರಣವಾಗಿ, ಮಕ್ಕಳ ಕಳ್ಳರೆಂಬ ಸುದ್ದಿ ಮೊಬೈಲುಗಳಲ್ಲಿ ಮುಂದೋಡಿತು. ಗುಂಪು ಅವರಲ್ಲೊಬ್ಬನನ್ನು ಕೊಂದಿತು. ನಾಲ್ಕು ದಿನಗಳ ನಂತರ, ಜುಲೈ 17ರಂದು, ಸರ್ವೋಚ್ಚ ನ್ಯಾಯಾಲಯವು ಗುಂಪು ಹಲ್ಲೆಗಳನ್ನು ತಡೆಯಲು ಪ್ರತಿ ಜಿಲ್ಲೆಗೂ ಒಬ್ಬ ಹಿರಿಯ ಪೊಲೀಸ್ ಅಧಿಕಾರಿಯನ್ನು ಹೊಣೆಗಾರನನ್ನಾಗಿ ನೇಮಿಸಬೇಕೆಂದು ಆದೇಶಿಸಿತು. ದ್ವೇಷಭಾಷಣದ ವಿಷಯದಲ್ಲಿ ಯಾರೂ ದೂರು ಕೊಡದಿದ್ದರೂ ಪೊಲೀಸರೇ ಸ್ವಯಂ ಮೊಕದ್ದಮೆ ಹೂಡಬೇಕೆಂದು 2022ರ ಅಕ್ಟೋಬರಿನಲ್ಲಿ ಮೂರು ಆಡಳಿತಗಳಿಗೂ, 2023ರ ಏಪ್ರಿಲ್ 28ರಂದು ಎಲ್ಲ ರಾಜ್ಯಗಳಿಗೂ ಅದೇ ನ್ಯಾಯಾಲಯ ಹೇಳಿತು. ಮತಗಳ ನಡುವೆ ವೈರ ಬಿತ್ತುವುದನ್ನು ಶಿಕ್ಷಿಸುತ್ತಿದ್ದ ಭಾರತೀಯ ದಂಡ ಸಂಹಿತೆಯ 153ಎ ಕಲಮು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 196ನೆಯದಾಗಿದೆ. ಕಾನೂನಿಗೆ ಕೊರತೆಯಿಲ್ಲ.

ಕಾನೂನಿಗೂ ಬೀದಿಗೂ ನಡುವೆ ನಿಲ್ಲುವುದು ಶಾಂತಿಸಭೆ. ಗಣೇಶನ ಹಬ್ಬ, ಬಕ್ರೀದ್, ಈದ್ ಮಿಲಾದ್‌ಗಳ ಮುಂಚೆ ಠಾಣೆಯಲ್ಲಿ ಉಭಯ ಮತದ ಮುಖಂಡರನ್ನು ಕರೆದು ಕೂರಿಸುವ ಪದ್ಧತಿ ನಮ್ಮ ಪಟ್ಟಣಗಳಲ್ಲಿ ಎಲ್ಲರಿಗೂ ಪರಿಚಿತ. ಮೆರವಣಿಗೆಯ ದಾರಿ, ಹೊರಡುವ ವೇಳೆ, ಮಸೀದಿಯ ಮುಂದೆ ವಾದ್ಯ, ಧ್ವನಿವರ್ಧಕ, ಫಲಕಗಳ ಸ್ಥಳ ಇವುಗಳ ಬಗ್ಗೆ ಮಾತಾಗುತ್ತದೆ; ಚಹಾ ಬರುತ್ತದೆ; ಪತ್ರಿಕೆಗೆ ಚಿತ್ರ ಹೋಗುತ್ತದೆ. ಇದು ಬೇಡವೆಂದಲ್ಲ. ಆದರೆ ಹಬ್ಬದ ವಾರ ಮಾತ್ರ ಸೇರುವ ಸಭೆಗೂ ವರ್ಷವಿಡೀ ಸೇರುವ ಸಭೆಗೂ ಎಷ್ಟು ಅಂತರವೆಂಬುದನ್ನು ಮಹಾರಾಷ್ಟ್ರದ ಭಿವಂಡಿ ತೋರಿಸಿಕೊಟ್ಟಿತು. ಮಗ್ಗಗಳ ಆ ಪಟ್ಟಣ 1970ರಲ್ಲಿಯೂ 1984ರಲ್ಲಿಯೂ ಭೀಕರವಾಗಿ ಉರಿದಿತ್ತು. 1988ರಲ್ಲಿ ಅಲ್ಲಿಗೆ ಬಂದ ಪೊಲೀಸ್ ಅಧಿಕಾರಿ ಸುರೇಶ್ ಖೋಪಡೆಯವರು ಬಡಾವಣೆಗಳಲ್ಲಿ ಮೊಹಲ್ಲಾ ಸಮಿತಿಗಳನ್ನು ರಚಿಸಿದರು. ದೊಡ್ಡ ಮುಖಂಡರನ್ನು ಬಿಟ್ಟು ಸಾಮಾನ್ಯ ನಿವಾಸಿಗಳನ್ನು ಸೇರಿಸಿದರು. ನೀರಿನ ಜಗಳ, ಗಂಡಹೆಂಡಿರ ಜಗಳ, ಬಾಡಿಗೆಯ ಜಗಳ ಇಂತಹ ಚಿಲ್ಲರೆ ಸಂಗತಿಗಳನ್ನೂ ಸಮಿತಿಯ ಮುಂದೆ ತಂದರು. 1992ರ ಡಿಸೆಂಬರ್ 6ರ ನಂತರ ಪಕ್ಕದ ಮುಂಬಯಿಯಲ್ಲಿ ಸುಮಾರು 900 ಜನ ಸತ್ತಾಗ ಭಿವಂಡಿ ಶಾಂತವಾಗಿ ಉಳಿಯಿತು. ಮುಂಬಯಿಯೂ ಆಮೇಲೆ ಭಿವಂಡಿಯ ದಾರಿಯನ್ನೇ ಹಿಡಿದು ಮೊಹಲ್ಲಾ ಸಮಿತಿಗಳನ್ನು ಕಟ್ಟಿಕೊಂಡಿತು. ನಮ್ಮ ಠಾಣೆಗಳ ಶಾಂತಿಸಭೆಯ ಪಟ್ಟಿಗಳಲ್ಲಿ ಮಹಿಳೆಯರು ಎಷ್ಟು ಮಂದಿ, ಮೂವತ್ತರ ಒಳಗಿನ ತರುಣರು ಎಷ್ಟು ಮಂದಿ, ಉಪಾಧ್ಯಾಯರು ಎಷ್ಟು ಮಂದಿ ಎಂದು ಒಮ್ಮೆ ಎಣಿಸಿ ನೋಡುವುದು ಲೇಸು. ಕಲ್ಲು ಎಸೆಯುವ ವಯಸ್ಸಿನವರನ್ನು ಹೊರಗಿಟ್ಟು, ಕಲ್ಲು ಎತ್ತಲಾಗದ ವಯಸ್ಸಿನವರಿಂದ ಸಹಿ ಪಡೆಯುವುದರಲ್ಲಿ ಹೆಚ್ಚಿನ ಅರ್ಥವಿಲ್ಲ.

ಸೌಹಾರ್ದದ ಕಥೆಗಳಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲ. ನಂಜನಗೂಡಿನ ಶ್ರೀಕಂಠೇಶ್ವರನನ್ನು ಟಿಪ್ಪು ಹಕೀಂ ನಂಜುಂಡನೆಂದು ಕರೆದು ಪಚ್ಚೆಯ ಲಿಂಗವನ್ನು ಅರ್ಪಿಸಿದನೆಂಬ ಐತಿಹ್ಯವನ್ನು ಕೇಳದವರಿಲ್ಲ. ಚಾಮರಾಜನಗರದ ಬಳಿಯ ಚಿಕ್ಕಹೊಳೆ ಜಲಾಶಯದ ಹತ್ತಿರ, ನೀರಾವರಿ ಇಲಾಖೆಯಿಂದ ನಿವೃತ್ತರಾದ ಮುಸಲ್ಮಾನರೊಬ್ಬರು ಗಣಪತಿಯ ಗುಡಿಯನ್ನು ಕಟ್ಟಿಸಿ ಪೂಜೆಗೆ ಏರ್ಪಾಟು ಮಾಡಿದ ಸಂಗತಿಯನ್ನು ಪತ್ರಿಕೆಗಳು ಮೆಚ್ಚಿ ಬರೆದವು. ಕೊಳ್ಳೇಗಾಲದ ಕಡೆಯ ಚಿಕ್ಕಲ್ಲೂರಿನ ಸಿದ್ದಪ್ಪಾಜಿ ಜಾತ್ರೆಯ ಪಂಕ್ತಿಸೇವೆಯಲ್ಲಿ ಜಾತಿಭೇದವಿಲ್ಲದೆ ಕುಳಿತು ಉಣ್ಣುತ್ತಾರೆ. ಆದರೆ ಇಂತಹ ಕಥೆಗಳ ಬಗ್ಗೆ ಒಂದು ಎಚ್ಚರಿಕೆಯ ಮಾತು ಅಗತ್ಯ. ಗುಡಿ ಕಟ್ಟಿಸಿದ ಮುಸಲ್ಮಾನ ಒಳ್ಳೆಯವನೆಂದು ಹೊಗಳುವಾಗ, ಗುಡಿ ಕಟ್ಟಿಸದ, ತನ್ನ ಪಾಡಿಗೆ ತನ್ನ ನಮಾಜು ಮಾಡಿಕೊಂಡು ಪಂಕ್ಚರ್ ಅಂಗಡಿ ನಡೆಸುವ ಮುಸಲ್ಮಾನನಿಗೂ ಅಷ್ಟೇ ನೆಮ್ಮದಿ ಸಲ್ಲಬೇಕೆಂಬುದು ಮರೆತುಹೋಗುತ್ತದೆ. ನಾಗರಿಕನಿಗೆ ರಕ್ಷಣೆ ಅವನ ಹಕ್ಕಿನಿಂದ ಬರಬೇಕೇ ಹೊರತು ಅವನ ಅಸಾಮಾನ್ಯ ಔದಾರ್ಯದ ಪ್ರತಿಫಲವಾಗಿ ಅಲ್ಲ.

ಮಠಗಳ ಪಾತ್ರವನ್ನು ಇಲ್ಲಿ ಹೇಳದೆ ಇರುವಂತಿಲ್ಲ. ಹನ್ನೆರಡನೆಯ ಶತಮಾನದ ಶರಣರು ಹುಟ್ಟಿನ ಲೆಕ್ಕವನ್ನು ತಳ್ಳಿಹಾಕಿದರು. ಆ ವಚನಗಳನ್ನು ಪ್ರಾರ್ಥನೆಯ ವೇಳೆ ಹೇಳದ ಮಗು ನಮ್ಮ ಶಾಲೆಗಳಲ್ಲಿಲ್ಲ. ಗದಗಿನ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮಿಗಳು 1974ರಲ್ಲಿ ಪೀಠವನ್ನೇರಿದಂದಿನಿಂದ 2018ರಲ್ಲಿ ಲಿಂಗೈಕ್ಯರಾಗುವವರೆಗೆ ಮಠದ ಬಾಗಿಲನ್ನು ಸರ್ವರಿಗೂ ತೆರೆದಿಟ್ಟು, ರಾಷ್ಟ್ರೀಯ ಕೋಮು ಸೌಹಾರ್ದ ಪ್ರಶಸ್ತಿಗೆ ಪಾತ್ರರಾದರು. ಅದೇ ಜಿಲ್ಲೆಯ ಶಿರಹಟ್ಟಿಯ ಫಕೀರೇಶ್ವರ ಮಠದಲ್ಲಿ ಎರಡೂ ಮತಗಳ ಭಕ್ತರು ಒಂದೇ ಗದ್ದುಗೆಗೆ ಬಾಗುತ್ತಾರೆ. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳ (1907–2019) ದಾಸೋಹದಲ್ಲಿ ಹತ್ತು ಸಾವಿರದಷ್ಟು ಮಕ್ಕಳು ಅನ್ನ ಮತ್ತು ಅಕ್ಷರವನ್ನು ಪಡೆದರು. ಅವರಲ್ಲಿ ಮುಸಲ್ಮಾನರ ಮಕ್ಕಳೂ ಇದ್ದರು. ಮಹಾಲಿಂಗಪುರದ ಇಬ್ರಾಹಿಂ ಸುತಾರರು ವಚನಗಳನ್ನೂ ತತ್ತ್ವಪದಗಳನ್ನೂ ಊರೂರಿನಲ್ಲಿ ಹಾಡಿ ವಿವರಿಸಿ, 2018ರಲ್ಲಿ ಪದ್ಮಶ್ರೀ ಪಡೆದು, 2022ರ ಫೆಬ್ರವರಿಯಲ್ಲಿ, ನಾಡು ಶಿರವಸ್ತ್ರದ ವಿವಾದದಲ್ಲಿ ಮುಳುಗಿದ್ದ ವಾರದಲ್ಲಿಯೇ, ತೀರಿಕೊಂಡರು.

ಈ ಪರಂಪರೆಯ ಪರೀಕ್ಷೆ ನಮ್ಮ ಬಾಗಿಲಲ್ಲಿಯೇ ನಡೆಯಿತು. 2020ರ ಫೆಬ್ರವರಿಯಲ್ಲಿ ಗದಗ ಜಿಲ್ಲೆಯ ಅಸೂಟಿಯಲ್ಲಿ ಮುಸಲ್ಮಾನ ಕುಟುಂಬದ ಗೃಹಸ್ಥರೊಬ್ಬರಿಗೆ ದೀಕ್ಷೆಯನ್ನಿತ್ತು ಶಾಂತಿಧಾಮದ ಹೊಣೆಯನ್ನು ವಹಿಸಿದಾಗ, ಅವರ ಹುಟ್ಟು ಎಲ್ಲರಿಗೂ ತಿಳಿದಿತ್ತು. ಅದನ್ನು ತಿಳಿದೇ ಊರು ಮೆಚ್ಚಿತು. 2025ರ ಆಗಸ್ಟ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಗ್ರಾಮವೊಂದರ ಮಠದಲ್ಲಿ ನಡೆದುದು ಇದಕ್ಕೆ ವಿರುದ್ಧ. ಲಿಂಗದೀಕ್ಷೆ ಪಡೆದು ಅಲ್ಲಿ ಸ್ವಾಮಿಯಾಗಿದ್ದ ತರುಣನೊಬ್ಬನು ಹುಟ್ಟಿನಿಂದ ಮುಸಲ್ಮಾನನೆಂಬುದು ಬೆಳಕಿಗೆ ಬಂದಿತು. ಗ್ರಾಮಸ್ಥರಿಂದ ಆಕ್ಷೇಪವೆದ್ದಿತು. ಆತನು ಮಠವನ್ನು ಬಿಟ್ಟು ಹೊರಟುಹೋದನು.

ಎರಡು ಪ್ರಸಂಗಗಳಿಗೂ ಇರುವ ವ್ಯತ್ಯಾಸವನ್ನು ನ್ಯಾಯವಾಗಿ ತೂಗಬೇಕು. ಹಿಂದಿನ ಗುರುತನ್ನು ಮೊದಲೇ ಹೇಳಬೇಕಿತ್ತೆಂದು ಭಕ್ತರು ಎಣಿಸುವುದು ಸಹಜ. ನಂಬಿಕೆಯ ಸ್ಥಾನದಲ್ಲಿರುವವನಿಂದ ಮುಚ್ಚುಮರೆಯಿಲ್ಲದ ನಡೆಯನ್ನು ನಿರೀಕ್ಷಿಸುವುದರಲ್ಲಿ ತಪ್ಪಿಲ್ಲ. ಆದರೆ ದೀಕ್ಷೆಯು ಹಿಂದಿನ ಜಾತಿಯನ್ನು ಸುಡುತ್ತದೆಂದು ಬೋಧಿಸುವ ಧರ್ಮದಲ್ಲಿ, ಸುಟ್ಟುಹೋದುದನ್ನು ಹೇಳಲಿಲ್ಲವೆಂಬುದು ಅಪರಾಧವಾಗುವುದು ಹೇಗೆ? ಹಿಂದಿನ ಹೆಸರು ಬೇರೆ ಯಾವುದೋ ಜಾತಿಯದಾಗಿದ್ದರೆ ಇಷ್ಟೇ ಗದ್ದಲವಾಗುತ್ತಿತ್ತೇ? ಮಠದ ಭಕ್ತರೂ ಉಪಾಧ್ಯಾಯರೂ ತಮ್ಮ ತಮ್ಮಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು ಇವು. ಜಗಲಿಯ ಮೇಲೆ ಮೆಲುದನಿಯಲ್ಲಿ ಚರ್ಚೆಯಾಗಿ ಮುಗಿದ ಈ ವಿಷಯವು ಬಹಿರಂಗ ಗೋಷ್ಠಿಗೆ ಬರಬೇಕಾದದ್ದು.

ಶಾಲೆಯ ಮಟ್ಟದಲ್ಲಿ ಆಗಬಹುದಾದ ಕೆಲಸ ಸಣ್ಣದು, ಆದರೆ ಕೈಗೆಟಕುವಂತಹುದು. 2001ರ ಜನಗಣತಿಯ ಅಂಕಿಗಳನ್ನು ಆಧರಿಸಿ 2006ರಲ್ಲಿ ಸಾಚಾರ್ ಸಮಿತಿಯು, ದೇಶದ ಸಾಕ್ಷರತೆ ಶೇಕಡಾ 65.1 ಇರುವಲ್ಲಿ ಮುಸಲ್ಮಾನರದು ಶೇಕಡಾ 59.1 ಎಂದು ತೋರಿಸಿತು. ಪಟ್ಟಣದ ಮುಸಲ್ಮಾನ ಮಗು ಉರ್ದು ಶಾಲೆಗೆ, ಉಳಿದ ಮಕ್ಕಳು ಕನ್ನಡ ಅಥವಾ ಇಂಗ್ಲಿಷ್ ಶಾಲೆಗೆ ಹೋದರೆ, ಒಂದೇ ಬೀದಿಯ ಮಕ್ಕಳು ಒಬ್ಬರ ಹೆಸರನ್ನೊಬ್ಬರು ತಿಳಿಯದೆ ಬೆಳೆಯುತ್ತಾರೆ. ಕಲ್ಲಿಕೋಟೆಯ ಆ ಶೇಕಡಾ 90 ನಮ್ಮಲ್ಲಿ ಎಷ್ಟೆಂದು ಯಾರೂ ಎಣಿಸಿಲ್ಲ. ಮಠದ ಶಾಲೆಗಳಲ್ಲಿ ಈಗಾಗಲೇ ಓದುತ್ತಿರುವ ಮುಸಲ್ಮಾನ ಮಕ್ಕಳ ಪೋಷಕರನ್ನು ಪೋಷಕರ ಸಮಿತಿಗೆ ಸೇರಿಸುವುದು. ಉರ್ದು ಶಾಲೆಯ ತಂಡದೊಡನೆ ಖೋಖೋ, ಕಬಡ್ಡಿ ಪಂದ್ಯಗಳನ್ನು ವರ್ಷವರ್ಷವೂ ನಡೆಸುವುದು. ಪಠ್ಯದಲ್ಲಿ ಬರುವ ಶಿಶುನಾಳ ಶರೀಫ ಮತ್ತು ಗೋವಿಂದ ಭಟ್ಟರ ಗುರುಶಿಷ್ಯ ಸಂಬಂಧವನ್ನು ಪರೀಕ್ಷೆಯ ಎರಡು ಅಂಕಗಳಿಗೆ ಮುಗಿಸದೆ ಬಿಡಿಸಿ ಹೇಳುವುದು. ಮೊಬೈಲಿನಲ್ಲಿ ಬಂದ ಸುದ್ದಿಯ ದಿನಾಂಕ, ಸ್ಥಳ, ಮೂಲಗಳನ್ನು ಪರಿಶೀಲಿಸುವ ಅಭ್ಯಾಸವನ್ನು ಪ್ರೌಢಶಾಲೆಯ ಮಕ್ಕಳಿಗೆ ಮಾಡಿಸುವುದು. ಇವುಗಳಿಗೆ ದೊಡ್ಡ ಹಣ ಬೇಡ. ದಾನಿಗಳು ಕಟ್ಟಡಕ್ಕೆ ಕೊಡುವ ಹಣದಲ್ಲಿ ಒಂದು ಕೋಣೆಯ ಬೆಲೆಯಷ್ಟನ್ನು ಇಡುಗಂಟಾಗಿ ಇಟ್ಟರೆ, ಅದರ ಬಡ್ಡಿಯಲ್ಲಿ ಅಂತರಶಾಲಾ ಪಂದ್ಯಗಳೂ ಬೇಸಿಗೆಯ ಶಿಬಿರವೂ ವರ್ಷವರ್ಷವೂ ನಡೆಯುತ್ತವೆ.